ಕಾಣದವನಿಗೆ ಬೆಳಕು ಹೊಂದಿಸಿದ್ದು

ಚಿತ್ರಕಥೆಯ ಎರಡನೆಯ ಕರಡು ಮುಗಿದ ಮೇಲೆ, ಪ್ರಯೋಗಕ್ಕೆಂದು ನಾವು ನಾಲ್ಕು ಗಂಟೆ ಕಾಲ ಒಂದು ಖಾಲಿ ಕುರ್ಚಿಯನ್ನು ಚಿತ್ರೀಕರಿಸಿದೆವು. ಊಟ ತಂದ ಹುಡುಗ ಬಾಗಿಲಲ್ಲೇ ನಿಂತು, “ಹೀರೋ ಇನ್ನೂ ಬಂದಿಲ್ಲವೇ ಸಾರ್?” ಎಂದು ಕೇಳಿದ. “ಬಂದಿದ್ದಾರಲ್ಲ, ಅಲ್ಲೇ ಕೂತಿದ್ದಾರೆ” ಎಂದರು ಛಾಯಾಗ್ರಾಹಕರು. ಹುಡುಗ ನಗಲಿಲ್ಲ. ಕುರ್ಚಿಯನ್ನು ಇನ್ನೊಮ್ಮೆ ನೋಡಿ, ಅದನ್ನು ಸ್ವಲ್ಪ ಬಳಸಿಕೊಂಡೇ ಹೋಗಿ ಊಟದ ಡಬ್ಬಿ ಇಟ್ಟ. ಅಂದು ರಾತ್ರಿ ನಾನು ಎರಡನೆಯ ಕರಡನ್ನು ಎತ್ತಿಟ್ಟು ಮೂರನೆಯದನ್ನು ಶುರು ಮಾಡಿದೆ.

ಕಾದಂಬರಿ ಎಚ್.ಜಿ. ವೆಲ್ಸ್ ಅವರ ‘ದಿ ಇನ್‌ವಿಸಿಬಲ್ ಮ್ಯಾನ್’, 1897ರದು. ಅದನ್ನು ಕನ್ನಡದಲ್ಲಿ ನಲವತ್ತು ನಿಮಿಷದ ಚಿತ್ರ ಮಾಡಲು ಹೊರಟದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ನಮ್ಮಲ್ಲಿ ಹಣವಿರಲಿಲ್ಲ, ಮುಖವೇ ಬೇಡದ ನಾಯಕ ಅಗ್ಗಕ್ಕೆ ಸಿಗುತ್ತಾನೆ ಎಂದುಕೊಂಡೆವು. ಕಾಣದ ಮನುಷ್ಯನಷ್ಟು ದುಬಾರಿ ನಟ ಇನ್ನೊಬ್ಬನಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಕ್ಕಿನ ತೊಡಕು ಇರಲಿಲ್ಲ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 2007ರ ಜನವರಿಯಿಂದ ಭಾರತದಲ್ಲಿ ಈ ಕೃತಿ ಎಲ್ಲರದೂ. ಆದರೆ ಅನುವಾದಗಳಿಗೆ ಅವುಗಳದೇ ಹಕ್ಕು ಇರುತ್ತದೆ, ಸಿನಿಮಾಗಳಿಗೂ ಅಷ್ಟೇ. ನನ್ನ ಮೊದಲ ಕರಡಿನಲ್ಲಿ ಒಂದು ಔಷಧಿ ನಾಯಕನಿಗೆ ಹುಚ್ಚು ಹಿಡಿಸುತ್ತಿತ್ತು. ಅದು ವೆಲ್ಸ್ ಬರೆದದ್ದಲ್ಲ, ಜೇಮ್ಸ್ ವೇಲ್ 1933ರಲ್ಲಿ ಮಾಡಿದ ಹಾಲಿವುಡ್ ಚಿತ್ರದ ಕಲ್ಪನೆ ಎಂಬುದು ಮೂಲವನ್ನು ಮತ್ತೆ ಓದಿದಾಗಲೇ ಹೊಳೆದದ್ದು. ಎಂದೋ ನೋಡಿದ್ದ ಸಿನಿಮಾ ಓದಿದ ಪುಸ್ತಕದೊಳಗೆ ಸೇರಿಕೊಂಡುಬಿಟ್ಟಿತ್ತು.

ಆ ಔಷಧಿಯನ್ನು ಕಿತ್ತುಹಾಕಿದ್ದೇ ಕಥೆ ಬೇರೆಯಾಯಿತು. ಕಾದಂಬರಿಯ ನಾಯಕ, ವಿಜ್ಞಾನಿ ಗ್ರಿಫಿನ್ ಮಾಯವಾದ ಮೇಲೆ ಕೆಟ್ಟವನಾದವನಲ್ಲ. ಮಾಯವಾಗುವುದಕ್ಕೆ ಮುಂಚೆಯೇ ಪ್ರಯೋಗದ ಖರ್ಚಿಗೆಂದು ತಂದೆಯ ಬಳಿ ಇದ್ದ ಹಣವನ್ನು ಕದಿಯುತ್ತಾನೆ. ಆ ಹಣ ತಂದೆಯದೂ ಅಲ್ಲ. ತಂದೆ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮಗನಿಗೆ ದುಃಖವೂ ಆಗುವುದಿಲ್ಲ. ನಾವು ತಂದೆಯನ್ನು ಒಂದು ಸಹಕಾರ ಸಂಘದ ಕಾರ್ಯದರ್ಶಿ ಮಾಡಿದೆವು. ಹಣ ಊರವರ ಠೇವಣಿ ಎಂದಮೇಲೆ ಹೆಚ್ಚಿನ ವಿವರಣೆ ಯಾರಿಗೂ ಬೇಕಾಗುವುದಿಲ್ಲ.

ವೆಲ್ಸ್ ಕಥೆ ನಡೆಯುವುದು ಇಂಗ್ಲೆಂಡಿನ ಸಸೆಕ್ಸ್‌ನ ಐಪಿಂಗ್ ಎಂಬ ಹಳ್ಳಿಯಲ್ಲಿ, ಫೆಬ್ರವರಿಯ ಹಿಮದಲ್ಲಿ. ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿಕೊಂಡು ಕಪ್ಪು ಕನ್ನಡಕ ಹಾಕಿದ ಅಪರಿಚಿತನೊಬ್ಬ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತಾನೆ. ಹಿಮದ ಬದಲು ನಾವು ತೀರ್ಥಹಳ್ಳಿ ಕಡೆಯ ಮಳೆಯನ್ನು ತಂದೆವು. ಇದನ್ನು ನಮ್ಮ ಜಾಣತನ ಎಂದು ಬೀಗುವ ಹಾಗಿಲ್ಲ. ಹಿಮ ಮೈಮೇಲೆ ಕೂತರೆ ಆಕಾರ ಕಾಣುತ್ತದೆ, ಮಳೆ ಬಿದ್ದರೆ ನೀರಿನ ಹೊಳಪಿನಲ್ಲಿ ಮನುಷ್ಯನ ಅಂಚು ಕಾಣುತ್ತದೆ ಎಂದು ಗ್ರಿಫಿನ್ನನೇ ಗೋಳಾಡುತ್ತಾನೆ. ಅನ್ನ ಉಂಡರೆ ಅದು ಜೀರ್ಣವಾಗುವ ತನಕ ಹೊಟ್ಟೆಯಲ್ಲಿ ಕಾಣುತ್ತದೆ, ಬರಿಗಾಲಿಗೆ ಕೆಸರು ಮೆತ್ತಿದರೆ ಪಾದ ಕಾಣುತ್ತದೆ, ರೆಪ್ಪೆಗಳೂ ಪಾರದರ್ಶಕವಾದ್ದರಿಂದ ಕಣ್ಣು ಮುಚ್ಚಿದರೂ ಬೆಳಕು ಬೀಳುತ್ತದೆ. ಚಳಿಯಲ್ಲಿ ಬೆತ್ತಲೆ ತಿರುಗಬೇಕಾದ ಮನುಷ್ಯ ಅವನು. ಅಡಗಿಕೊಳ್ಳಲು ಮಲೆನಾಡಿನ ಮಳೆಗಾಲಕ್ಕಿಂತ ಕೆಟ್ಟ ಜಾಗ ಅವನಿಗೆ ಸಿಗಲಾರದು.

ತೊಂದರೆ ಬಂದದ್ದು ಬ್ಯಾಂಡೇಜಿನಲ್ಲಿ. ಕಾಲವನ್ನು 2021ಕ್ಕೆ ತಂದಿದ್ದೆವು. ಮುಖಗವಸು, ಕನ್ನಡಕ, ಟೋಪಿ, ಕೈಗವಸು ಹಾಕಿ ಬಂದವನನ್ನು ಆ ವರ್ಷ ಯಾರು ತಾನೇ ತಿರುಗಿ ನೋಡುತ್ತಿದ್ದರು? ಹಾಗಾದರೆ ಅವನಿಗೆ ಕೋಣೆ ಕೊಟ್ಟ ಮನೆಯೊಡತಿಗೆ ಅನುಮಾನ ಹುಟ್ಟುವುದು ಎಲ್ಲಿ? ಒಂದು ವಾರ ಒದ್ದಾಡಿದೆ. ಕೊನೆಗೆ ನನ್ನ ಅತ್ತೆಯ ಮಾತು ನೆನಪಾಯಿತು: ನೆಂಟರು ಹೇಗಿದ್ದಾರೆ ಎಂಬುದು ಎಲೆ ಎತ್ತುವಾಗ ಗೊತ್ತಾಗುತ್ತದೆ. ಕಾದಂಬರಿಯಲ್ಲೂ ಅವನು ಊಟದ ಕೋಣೆಯಲ್ಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿದಿರುತ್ತಾನೆ. ನಮ್ಮ ಮನೆಯೊಡತಿ ದಿನವೂ ತಟ್ಟೆ ಒಯ್ಯುತ್ತಾಳೆ, ಖಾಲಿ ತಟ್ಟೆ ತರುತ್ತಾಳೆ, ಉಣ್ಣುವುದನ್ನು ಮಾತ್ರ ನೋಡಲಾರಳು. “ಸಾರಿಗೆ ಉಪ್ಪು ಸರಿಯಾಗಿದೆಯೇ ಸ್ವಾಮಿ?” ಎಂದು ಬಾಗಿಲಾಚೆಯಿಂದ ಕೇಳುವ ಆ ಒಂದು ಸಾಲನ್ನು ಹಿಡಿದು ಮೂರನೆಯ ಕರಡು ಬೆಳೆಯಿತು.

ಅಲ್ಲಿಯವರೆಗೆ ನಾನು ಬರೆಯುತ್ತಿದ್ದದ್ದು ಅವನ ಕಥೆ. ವೆಲ್ಸ್ ಹಾಗೆ ಬರೆದಿಲ್ಲ. 28 ಅಧ್ಯಾಯಗಳ ಕಾದಂಬರಿಯಲ್ಲಿ ಅವನ ಹೆಸರು ತಿಳಿಯುವುದೇ 17ನೆಯದರಲ್ಲಿ; ಅಲ್ಲಿಯತನಕ ನಾವು ಅವನನ್ನು ನೋಡುವವರ ಜೊತೆ, ನೋಡಲಾಗದೆ ತಬ್ಬಿಬ್ಬಾಗುವವರ ಜೊತೆ ಇರುತ್ತೇವೆ. ಆಮೇಲೆ ಅವನು ಹಳೆಯ ಪರಿಚಯದ ಡಾಕ್ಟರ್ ಕೆಂಪ್‌ನ ಮುಂದೆ ಕೂತು ತನ್ನ ಹಿಂದಿನದನ್ನೆಲ್ಲ ಅಧ್ಯಾಯಗಟ್ಟಲೆ ಹೇಳಿಕೊಳ್ಳುತ್ತಾನೆ. ಮೊದಲೆರಡು ಕರಡುಗಳಲ್ಲಿ ಆ ಭಾಗವನ್ನು ಹಿನ್ನೋಟದ ದೃಶ್ಯಗಳಾಗಿ ಮಾಡಿದ್ದೆ. ಅದನ್ನೆಲ್ಲ ತೆಗೆದುಹಾಕಿ, ಕ್ಯಾಮೆರಾವನ್ನು ಮನೆಯೊಡತಿಗೆ ಒಪ್ಪಿಸಿದೆ. ಅವಳಿಲ್ಲದ ಕೋಣೆಗೆ ಕ್ಯಾಮೆರಾ ಹೋಗಕೂಡದು ಎಂಬುದೊಂದೇ ನಿಯಮ.

ವಿಜ್ಞಾನವನ್ನು ಬಿಡಲು ಮಾತ್ರ ಮನಸ್ಸಿರಲಿಲ್ಲ. ಗ್ರಿಫಿನ್ ಹೇಳುವ ತತ್ವ ಸರಳ: ಒಂದು ವಸ್ತುವಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುತ್ತಲಿನ ಮಾಧ್ಯಮದ ಸೂಚ್ಯಂಕಕ್ಕೆ ಸಮವಾದರೆ ಬೆಳಕು ಬಾಗುವುದಿಲ್ಲ, ವಸ್ತು ಕಾಣುವುದಿಲ್ಲ. ಪ್ರಯೋಗಾಲಯದ ಬೊರೋಸಿಲಿಕೇಟ್ ಗಾಜಿನದು ಸುಮಾರು 1.47, ಅಡುಗೆ ಎಣ್ಣೆಯದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅವನು ಅಡುಗೆಮನೆಗೆ ಬಂದು, ಎಣ್ಣೆಯ ಲೋಟದಲ್ಲಿ ಗಾಜಿನ ಕಡ್ಡಿ ಅದ್ದಿ ತೋರಿಸುತ್ತಾನೆ. ಅದ್ದಿದಷ್ಟು ಭಾಗ ಕಣ್ಣೆದುರೇ ಕರಗಿಹೋಗುತ್ತದೆ. ಇಡೀ ಚಿತ್ರದಲ್ಲಿ ಕಂಪ್ಯೂಟರ್ ಮುಟ್ಟದ ಏಕೈಕ ಮಾಯೆ ಅದು, ನೋಡಿದವರಲ್ಲಿ ಹೆಚ್ಚಿನವರು “ಆ ಗ್ರಾಫಿಕ್ಸ್ ಚೆನ್ನಾಗಿದೆ” ಎಂದು ಹೊಗಳಿದ್ದೂ ಅದನ್ನೇ! ಭೌತಶಾಸ್ತ್ರ ಕಲಿಸುವ ಗೆಳೆಯರೊಬ್ಬರು ಇನ್ನೊಂದು ತಕರಾರು ತೆಗೆದರು: ಅಕ್ಷಿಪಟಲವೂ ಪಾರದರ್ಶಕವಾದರೆ ಬೆಳಕು ಅಲ್ಲಿ ನಿಲ್ಲುವುದಿಲ್ಲ, ಅವನು ಕುರುಡನಾಗಬೇಕು. ವೆಲ್ಸ್ ಅಕ್ಷಿಪಟಲದ ಹಿಂದೆ ಮಂಜಿಗಿಂತ ತೆಳುವಾದ ಬಣ್ಣವನ್ನು ಉಳಿಸಿದ್ದಾರೆ. ನಾವೂ ಉಳಿಸಿದೆವು. ಕರೆಂಟು ಹೋದಾಗ ಮನೆಯೊಡತಿಯ ಟಾರ್ಚಿಗೆ ಎರಡು ಮಸುಕು ಚುಕ್ಕೆಗಳು ಸಿಗುತ್ತವೆ, ಬೆಕ್ಕಿನವಿರಬೇಕು ಎಂದು ಅವಳು ಗದರಿಸುತ್ತಾಳೆ.

ಇನ್ನು ಕಸುಬಿನ ಕಷ್ಟ. 1933ರ ಚಿತ್ರದಲ್ಲಿ ನಟನ ಮೈಗೆಲ್ಲ ಕಪ್ಪು ಮಖಮಲ್ಲು ಹೊದಿಸಿ, ಮೇಲೆ ಅಂಗಿ ತೊಡಿಸಿ, ಕಪ್ಪು ಮಖಮಲ್ಲಿನ ಸೆಟ್ಟಿನಲ್ಲಿ ನಡೆಸಿ, ಆ ಬಿಂಬವನ್ನು ಬೇರೆ ಬಿಂಬದ ಜೊತೆ ಕೂಡಿಸಿದ್ದರು. ನಾವು ನಟನಿಗೆ ಹಸಿರು ಬಟ್ಟೆ ತೊಡಿಸಿ, ಆ ಹಸಿರನ್ನು ಕಂಪ್ಯೂಟರಿನಲ್ಲಿ ಅಳಿಸಿದೆವು. ಅಳಿಸಿದ ಜಾಗ ತುಂಬಲು ನಟನಿಲ್ಲದ ಅದೇ ಚೌಕಟ್ಟು, ಅಂದರೆ ಕ್ಲೀನ್ ಪ್ಲೇಟ್, ಪ್ರತಿ ಶಾಟಿಗೂ ಬೇಕು: ಟ್ರೈಪಾಡ್ ಅಲುಗಬಾರದು, ಬೆಳಕು ಬದಲಾಗಬಾರದು. ಮಲೆನಾಡಿನ ಆಷಾಢದಲ್ಲಿ ಬೆಳಕಿಗೆ ಬದಲಾಗಬೇಡ ಎಂದು ಹೇಳುವವರು ಯಾರು? ನಟ ಎದ್ದು ಹೋಗುವಷ್ಟರಲ್ಲಿ ಮೋಡ ಕವಿದಿರುತ್ತಿತ್ತು. ಮೂರನೆಯ ದಿನ ಕಿಟಕಿಗಳಿಗೆಲ್ಲ ಹೊರಗಿನಿಂದ ಟಾರ್ಪಾಲು ಕಟ್ಟಿ, ಹಗಲನ್ನೂ ದೀಪದಿಂದಲೇ ಮಾಡಿದೆವು. ತಲೆಯಿಲ್ಲದ ಅಂಗಿ ಕಾಣಬೇಕಾದರೆ ಕಾಲರಿನ ಹಿಂಭಾಗದ ಒಳಮೈ ಕಾಣಬೇಕು, ಅದನ್ನು ನಟನ ಕುತ್ತಿಗೆಯೇ ಮುಚ್ಚಿರುತ್ತದೆ ಎಂಬುದು ಸಂಕಲನದ ಮೇಜಿನ ಮುಂದೆ ಕೂತಾಗ ಹೊಳೆಯಿತು. ತಂತಿಯ ಮೇಲೆ ಅದೇ ಅಂಗಿ ತೊಡಿಸಿ ಹನ್ನೊಂದು ಶಾಟುಗಳನ್ನು ಮತ್ತೆ ತೆಗೆದೆವು.

ಕಾದಂಬರಿಯಲ್ಲಿ ಅವನು ಹೊಗೆ ಎಳೆದಾಗ ಬಾಯಿ, ಗಂಟಲು, ಮೂಗಿನ ಹೊಳ್ಳೆಗಳು ಹೊಗೆಯ ಅಚ್ಚಾಗಿ ಕಾಣುತ್ತವೆ. ನನಗೆ ಪ್ರಾಣವಾಗಿದ್ದ ದೃಶ್ಯ. ಆದರೆ ಮೂಲೆಯಲ್ಲಿ ಧೂಮಪಾನದ ಎಚ್ಚರಿಕೆ ಹಾಕಬೇಕು. ಸೇದುವವನೇ ಕಾಣದ ಪರದೆಯಲ್ಲಿ ಆ ಎಚ್ಚರಿಕೆ ಮಾತ್ರ ಕಾಣುವುದನ್ನು ಊಹಿಸಿ ಕೈಬಿಟ್ಟೆ. ಬದಲಿಗೆ ಮನೆಯೊಡತಿ ಸಂಜೆ ದೀಪ ಹಚ್ಚಿ, ಕೋಣೆ ಕೋಣೆಗೂ ಸಾಂಬ್ರಾಣಿ ಹೊಗೆ ಹಿಡಿಯುತ್ತಾಳೆ. ಅವನ ಕೋಣೆಯಲ್ಲಿ ಹೊಗೆ ಒಂದು ಕಡೆ ಇಬ್ಭಾಗವಾಗಿ ಹೋಗುತ್ತದೆ. ಅವಳು ನಿಂತು ನೋಡುತ್ತಾಳೆ, ಏನೂ ಕೇಳದೆ ಮುಂದಿನ ಕೋಣೆಗೆ ನಡೆಯುತ್ತಾಳೆ. ಆ ಪಾತ್ರ ಮಾಡಿದವರು ರಂಗಭೂಮಿಯಲ್ಲಿ ಬಹಳ ವರ್ಷ ದುಡಿದ ಕಲಾವಿದೆ. “ನಾನು ಎಷ್ಟು ದೂರಕ್ಕೆ ನೋಡಬೇಕು, ಅದನ್ನು ಹೇಳಿ” ಎಂದಷ್ಟೇ ಕೇಳಿದ್ದರು. ಸರಿಯಾದ ಪ್ರಶ್ನೆ. ಬರಿಯ ಗಾಳಿಯನ್ನು ನೋಡುವ ಕಣ್ಣು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತದೆ. ಅದಕ್ಕಾಗಿಯೇ ನಮ್ಮ ಹಸಿರು ನಟ ಕಾಣದ ದೃಶ್ಯಗಳಲ್ಲೂ ಅವರೆದುರು ನಿಂತಿರುತ್ತಿದ್ದ.

ಕೊನೆಯ ದೃಶ್ಯವನ್ನು ವೆಲ್ಸ್ ಬಹಳ ಕ್ರೂರವಾಗಿ ಬರೆದಿದ್ದಾರೆ. ಜನ ಬಡಿದು ಕೊಂದ ಮೇಲೆ ದೇಹ ನರಗಳಿಂದ ಶುರುವಾಗಿ ಮೆಲ್ಲಗೆ ಕಾಣತೊಡಗುತ್ತದೆ. ಮುಖ ಮುಚ್ಚಿ ಎಂದು ಯಾರೋ ಕೂಗುತ್ತಾರೆ. ಆ ನರಗಳನ್ನು ಬಿಡಿಸಲು ನಮ್ಮ ಹಣ ಸಾಲುತ್ತಿರಲಿಲ್ಲ. ಮಳೆಯಲ್ಲಿ, ಅಂಗಳದ ಕೆಸರಿನಲ್ಲಿ ಒಂದು ಗುಂಡಿಯಂಥ ಆಕಾರ, ಮನೆಯೊಡತಿ ತಂದು ಹೊದಿಸುವ ಬಿಳಿ ಹೊದಿಕೆ, ಅದು ನೆನೆದು ಹಿಡಿಯುವ ರೂಪ, ಇಷ್ಟೇ ಇಟ್ಟುಕೊಂಡೆವು. ಮೂರನೆಯ ಟೇಕಿನಲ್ಲಿ ಪಾದ ಹೊರಗುಳಿಯಿತು. ಅವರು ಹೊದಿಕೆಯನ್ನು ಕೆಳಕ್ಕೆ ಎಳೆದರು. ಮುಖದ ಭಾಗ ತೆರೆದುಕೊಂಡಿತು. ಮತ್ತೆ ಮೇಲಕ್ಕೆ ಎಳೆದರು, ಪಾದ ಹೊರಬಂತು. ಹಾಗೆಯೇ ಮಾಡುತ್ತ ಉಳಿದರು. ಚಿತ್ರದಲ್ಲಿ ಇರುವುದು ಆ ಟೇಕೇ. ಬರೆದು ಮಾಡಿಸಿದ್ದಲ್ಲ, ನಾವು ಉಳಿದಿದ್ದ ಲಾಡ್ಜಿನಿಂದ ತಂದ ಹೊದಿಕೆ ಗಿಡ್ಡವಾಗಿತ್ತು.