‘ನೆಕ್ಸ್ಟ್’ ಒತ್ತುವ ಮುನ್ನ

ಡೌನ್‌ಲೋಡ್ ಮುಗಿಯಿತು, ಫೈಲಿನ ಮೇಲೆ ಎರಡು ಕ್ಲಿಕ್, ಆಮೇಲೆ ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ನಾನೂ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದುದು ಹೀಗೆಯೇ. ಒಮ್ಮೆ ಪಿಡಿಎಫ್ ತೆರೆಯಲೆಂದು ಪುಟ್ಟದೊಂದು ತಂತ್ರಾಂಶ ಹಾಕಿದೆ. ಮರುದಿನ ನೋಡಿದರೆ ಬ್ರೌಸರಿನ ಮುಖಪುಟವೇ ಬೇರೆ, ಮೇಲೆ ಕೇಳದೇ ಬಂದ ಟೂಲ್‌ಬಾರ್. ಯಾರೂ ಕದ್ದು ಒಳನುಗ್ಗಿರಲಿಲ್ಲ. ಟೂಲ್‌ಬಾರ್ ಬೇಕೆಂದು ಮೊದಲೇ ಟಿಕ್ ಹಾಕಿಟ್ಟಿದ್ದ ಪರದೆಯಲ್ಲಿ ಓದದೆ ನೆಕ್ಸ್ಟ್ ಒತ್ತಿದವನು ನಾನೇ. ವಿಂಡೋಸ್ 10 ಅಥವಾ 11 ಬಳಸುವವರು ಮಾಡಬೇಕಾದ್ದು ಇಷ್ಟು.

ಮೊದಲು ಫೈಲ್ ಎಲ್ಲಿಂದ ಬಂತು ನೋಡಿ. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶ ಬೇಕೆಂದರೆ ಅದನ್ನು ತಯಾರಿಸುವ ವಿಡಿಯೊಲ್ಯಾನ್‌ನ ತಾಣಕ್ಕೇ ಹೋಗಿ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲಿರುವುದು ಎಷ್ಟೋ ಸಲ ಜಾಹೀರಾತು. ಪುಟದಲ್ಲಿ ಮೂರ್ನಾಲ್ಕು ದಪ್ಪ ‘ಡೌನ್‌ಲೋಡ್’ ಗುಂಡಿಗಳಿದ್ದರೆ, ಅಸಲಿಯಾದದ್ದು ಸಾಮಾನ್ಯವಾಗಿ ಅವುಗಳಲ್ಲೇ ಸಪ್ಪೆಯಾಗಿ ಕಾಣುವಂಥದ್ದು. ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎನ್ನುವ ಪುಟವನ್ನು ಮುಚ್ಚಿಬಿಡಿ, ಚರ್ಚೆಯೇ ಬೇಡ.

ಒಂದೇ ತಂತ್ರಾಂಶಕ್ಕೆ ಎರಡು ಆವೃತ್ತಿ ಕಂಡರೆ ಯಾವುದನ್ನು ಇಳಿಸುವುದು, 32 ಬಿಟ್ಟೋ 64 ಬಿಟ್ಟೋ? ನಿಮ್ಮ ವಿಂಡೋಸ್ ಯಾವುದೆಂದು ತಿಳಿಯಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ‘ಸಿಸ್ಟಮ್ ಟೈಪ್’ ನೋಡಿ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶ ನಡೆಯುತ್ತದೆ, ಅದರ ಉಲ್ಟಾ ನಡೆಯುವುದಿಲ್ಲ. ವಿಂಡೋಸ್ 11 ಇದ್ದರೆ ಅದು 64 ಬಿಟ್ಟೇ. ಅಲ್ಲಿ ‘ಆರ್ಮ್’ (ಬೇರೆ ಬಗೆಯ ಪ್ರೊಸೆಸರ್) ಎಂದಿದ್ದರೆ ಅದಕ್ಕೆಂದೇ ಮಾಡಿದ ಆವೃತ್ತಿ ಇದೆಯೇ ಹುಡುಕಿ.

ಫೈಲ್ ಜಿಪ್ ಆಗಿ, ಅಂದರೆ ಹಲವು ಫೈಲುಗಳ ಒಂದೇ ಗಂಟಾಗಿ ಬಂದಿದೆಯೇ? ಇಲ್ಲಿ ಬಹಳ ಜನ ಎಡವುತ್ತಾರೆ. ಜಿಪ್ ತೆರೆದು ಒಳಗಿನ ಸೆಟಪ್ ಫೈಲನ್ನು ಅಲ್ಲಿಂದಲೇ ಓಡಿಸಿದರೆ, ವಿಂಡೋಸ್ ಅದೊಂದನ್ನೇ ತಾತ್ಕಾಲಿಕ ಫೋಲ್ಡರಿಗೆ ಎತ್ತಿಕೊಂಡು ಹೋಗುವುದುಂಟು. ಜೊತೆಗಿರಬೇಕಾದ ಫೈಲುಗಳು ಅಲ್ಲಿ ಸಿಗದೆ ‘ಇಂಥ ಫೈಲ್ ಇಲ್ಲ’ ಎಂಬ ದೂರು ಬರುತ್ತದೆ. ನಾವು ಡೌನ್‌ಲೋಡೇ ಕೆಟ್ಟಿದೆ ಎಂದುಕೊಂಡು ಮತ್ತೆ ಇಳಿಸುತ್ತೇವೆ. ಬಲ ಕ್ಲಿಕ್ ಮಾಡಿ ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಕೊಡಿ, ಹೊರಬಂದ ಫೋಲ್ಡರಿನಿಂದ ಸೆಟಪ್ ಓಡಿಸಿ.

ಓಡಿಸುವ ಮೊದಲು ಇನ್ನೊಂದು ನಿಮಿಷ ಕೊಡಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಟ್ಯಾಬ್ ಇದ್ದರೆ ಸಹಿ, ಅಂದರೆ ತಯಾರಿಸಿದವರ ಗುರುತಿನ ಮುದ್ರೆ, ಯಾರದೆಂದು ನೋಡಿ. ತಾಣದಲ್ಲಿ ಎಸ್‌ಎಚ್‌ಎ-256 ಎಂದು 64 ಅಕ್ಷರಗಳ ಸಾಲು ಕೊಟ್ಟಿದ್ದರೆ, ಅದು ಫೈಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥದ್ದು, ನಿಮ್ಮ ಫೈಲಿನದರ ಜೊತೆ ಅದನ್ನೂ ತಾಳೆ ನೋಡಬಹುದು. ಜಿಪ್ ಬಿಚ್ಚುವ 7-ಜಿಪ್ ತಂತ್ರಾಂಶ ಇದ್ದವರಿಗೆ ಬಲ ಕ್ಲಿಕ್ಕಿನ ಮೆನುವಿನಲ್ಲೇ ಈ ಲೆಕ್ಕ ಸಿಗುತ್ತದೆ. ಒಂದು ಅಕ್ಷರ ಬೇರೆಯಾದರೂ ನಿಮ್ಮ ಬಳಿ ಇರುವುದು ಅವರು ಇಟ್ಟ ಫೈಲ್ ಅಲ್ಲ.

ಸೆಟಪ್ ಶುರುವಾದಾಗ ಸಾಮಾನ್ಯವಾಗಿ ಪರದೆ ಮಬ್ಬಾಗಿ ಅನುಮತಿಯ ಪ್ರಶ್ನೆ ಬರುತ್ತದೆ. ‘ಯೆಸ್’ ಒತ್ತುವ ಮೊದಲು ‘ಪಬ್ಲಿಷರ್’ ಸಾಲು ಓದಿ. ಆ ಪ್ರಶ್ನೆಯ ಮೇಲ್ಭಾಗದ ಬಣ್ಣದ ಪಟ್ಟಿ ನೀಲಿಯಾಗಿದ್ದರೆ ಸಹಿ ಪರಿಶೀಲನೆಯಾಗಿದೆ ಎಂದರ್ಥ. ಹಳದಿಯಾಗಿ ‘ಅನ್‌ನೋನ್’ ಎಂದಿದ್ದರೆ ನಿಲ್ಲಿ. ಹವ್ಯಾಸಿಗಳು ಬರೆದ ಒಳ್ಳೆಯ ತಂತ್ರಾಂಶಕ್ಕೂ ಸಹಿ ಇರದಿರಬಹುದು ನಿಜ, ಆದರೆ ಆಗ ಮೂಲದ ಬಗ್ಗೆ ನಿಮಗೆ ಖಾತ್ರಿಯಿರಬೇಕು.

ಮುಂದೆ ‘ಎಕ್ಸ್‌ಪ್ರೆಸ್’, ‘ಕಸ್ಟಮ್’ ಎಂಬ ಆಯ್ಕೆ ಬಂದರೆ ಕಸ್ಟಮ್ ಆರಿಸಿಕೊಳ್ಳಿ. ಉಚಿತ ಆ್ಯಂಟಿವೈರಸ್, ಹುಡುಕಾಟದ ಪುಟ ಬದಲಿಸುವ ಟಿಕ್‌ಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ, ತೆಗೆದುಹಾಕಿ. ಯಾವ ಫೋಲ್ಡರ್ ಎಂಬ ಪ್ರಶ್ನೆಗೆ ಅದು ಸೂಚಿಸಿದ್ದೇ ಇರಲಿ. ರೀಸ್ಟಾರ್ಟ್ ಕೇಳಿದರೆ ಕೆಲಸ ಸೇವ್ ಮಾಡಿ ರೀಸ್ಟಾರ್ಟ್ ಮಾಡಿ.

ಎಲ್ಲ ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು, ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ನೀವು ಹಾಕಿದ್ದು ಒಂದು, ಇವತ್ತಿನ ದಿನಾಂಕದಲ್ಲಿ ಕಾಣುವುದು ಎರಡೋ ಮೂರೋ ಆಗಿದ್ದರೆ ಉಳಿದವು ಏನೆಂದು ನೋಡಿ, ಬೇಡದವನ್ನು ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್‌ನಲ್ಲಿರುವ ಐಕಾನ್ ಅಳಿಸಿದರೆ ಹೋಗುವುದು ಬರೀ ಐಕಾನ್. ನನ್ನ ಟೂಲ್‌ಬಾರ್ ಕೊನೆಗೆ ಸಿಕ್ಕಿದ್ದೂ ಆ ಪಟ್ಟಿಯಲ್ಲೇ, ಪಿಡಿಎಫ್ ತಂತ್ರಾಂಶದ ಮಗ್ಗುಲಲ್ಲಿ.