ಕ್ಯಾಸೆಟ್ಟಿನಿಂದ ಕಂಪನಿಯವರೆಗೆ: ಹಳೆ ಬ್ರಿಟಿಷ್ ಗೇಮ್ ಪ್ರಕಾಶಕರ ಚರಿತ್ರೆ ಕಟ್ಟುವ ಬಗೆ

ಮೈಸೂರಿನ ಹಳೆ ಮನೆಗಳ ಅಟ್ಟದಲ್ಲಿ ಭಾವಗೀತೆ, ಹರಿಕಥೆ ಕ್ಯಾಸೆಟ್ಟುಗಳ ಡಬ್ಬದೊಳಗೆ ಒಮ್ಮೊಮ್ಮೆ ಇಂಥದ್ದೊಂದು ಸಿಗುತ್ತದೆ. ಟೇಪ್ ರೆಕಾರ್ಡರಿಗೆ ಹಾಕಿದರೆ ಹಾಡಿಲ್ಲ, ಮಾತಿಲ್ಲ. ಐದು ಸೆಕೆಂಡು ಒಂದೇ ಸಮನೆ ಕೂಗು, ಆಮೇಲೆ ಕರ್ಕಶವಾದ ಗರಗರ. ಕೆಟ್ಟುಹೋಗಿದೆ ಎಂದು ಎಸೆಯಬೇಡಿ, ಅದು ಹೋಮ್ ಕಂಪ್ಯೂಟರಿನ ಪ್ರೋಗ್ರಾಮು. ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಇಂಗ್ಲೆಂಡಿನಲ್ಲಿ 1982ರ ಏಪ್ರಿಲ್‌ನಲ್ಲಿ ಬಂತು. ನಮ್ಮಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಸ್ಪೆಕ್ಟ್ರಮ್ ಪ್ಲಸ್ ಜೋಡಿಸಿ ಮಾರುತ್ತಿತ್ತು. ಬಿಬಿಸಿ ಮೈಕ್ರೊ ಎಂಬ ಇನ್ನೊಂದು ಬ್ರಿಟಿಷ್ ಕಂಪ್ಯೂಟರ್, 1984ರಲ್ಲಿ ಶುರುವಾದ ಕ್ಲಾಸ್ ಎಂಬ ಕಂಪ್ಯೂಟರ್ ಕಲಿಕೆ ಯೋಜನೆಯ ಮೂಲಕ ಶಾಲೆಗಳಿಗೆ ಬಂತು. ಯಂತ್ರದ ಹಿಂದೆಯೇ ಗೇಮುಗಳೂ ಬಂದವು, ಅಸಲಿಗಿಂತ ನಕಲೇ ಹೆಚ್ಚು.

ಇಂಥ ಒಂದು ಟೇಪು ಕೈಯಲ್ಲಿದ್ದರೆ ಅದನ್ನು ಹೊರತಂದ ಪುಟ್ಟ ಕಂಪನಿಯ ಚರಿತ್ರೆಯನ್ನು ಇಲ್ಲೇ ಕುಳಿತು ಬರೆಯಬಹುದು. ಕ್ರಮ ಮಾತ್ರ ತಪ್ಪಬಾರದು: ಮೊದಲು ಟೇಪು, ಆಮೇಲೆ ಹೊದಿಕೆ ಕಾಗದ, ಆಮೇಲೆ ಆ ಕಾಲದ ಪತ್ರಿಕೆ, ಆಮೇಲೆ ಸರ್ಕಾರಿ ದಾಖಲೆ. ಹಳಬರ ನೆನಪುಗಳು ಎಲ್ಲಕ್ಕೂ ಕೊನೆಗೆ. ಬಹಳ ಜನ ಕೊನೆಯದರಿಂದ ಶುರುಮಾಡಿ, ಕೇಳಿದ ಕಥೆಗೆ ಪುರಾವೆ ಹುಡುಕುತ್ತಾ ಹೋಗುತ್ತಾರೆ. ಇಸವಿಗಳು ಎಡವಟ್ಟಾಗುವುದು ಅಲ್ಲೇ.

ಟೇಪನ್ನು ಮುಟ್ಟುವ ಮೊದಲು

ಪ್ಲೇ ಒತ್ತುವ ಆತುರ ಬೇಡ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯ ಮೂಲಕ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಮೇ ತಿಂಗಳ ಮಳೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್ ಮಳೆ, ಎರಡನ್ನೂ ವರ್ಷಗಟ್ಟಲೆ ಅಟ್ಟದಲ್ಲಿ ಕಳೆದ ಟೇಪಿನಲ್ಲಿ ಇದು ಮಾಮೂಲು. ಹಾಗೇ ಓಡಿಸಿದರೆ ಪುಡಿ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ದಾಟುತ್ತದೆ. ಸಿಲಿಕಾ ಜೆಲ್ ಚೀಲಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಒಂದು ವಾರ ಒಣಗಲು ಬಿಡಿ. ಆಮೇಲೆ, ಬೇರೆ ಯಾವುದಕ್ಕೂ ಬಳಸದ ಹಾಳು ಪ್ಲೇಯರೊಂದರಲ್ಲಿ, ಸುರುಳಿಯ ಅಂಚಿಗೆ ಒಣ ಮೆತ್ತನೆ ಬಟ್ಟೆ ತಾಗಿಸಿಕೊಂಡು ಕೊನೆಯವರೆಗೆ ಸುತ್ತಿಸಿ. ಮುಖಕ್ಕೆ ಮಾಸ್ಕ್ ಇರಲಿ.

ಮುಂದೆ ಪ್ಯಾಡ್ ನೋಡಿ. ಟೇಪಿನ ಬೆನ್ನ ಹಿಂದೆ, ತೆಳು ತಗಡಿನ ಸ್ಪ್ರಿಂಗ್ ಮೇಲೆ ಪುಟ್ಟ ಫೆಲ್ಟ್ ತುಂಡು ಇರಬೇಕು. ಅಂಟು ಒಣಗಿ ಅದು ಉದುರಿದ್ದರೆ ಟೇಪು ಹೆಡ್‌ಗೆ ಒತ್ತುವುದಿಲ್ಲ. ಸದ್ದು ಮಂಕಾಗಿ ಏರಿಳಿಯುತ್ತದೆ, ಡೇಟಾ ಅಲ್ಲಲ್ಲಿ ಜಾರಿಹೋಗುತ್ತದೆ. ಪ್ಯಾಡ್ ಅಂಟಿಸುವುದಕ್ಕಿಂತ ಇಡೀ ಚಿಪ್ಪು ಬದಲಿಸುವುದೇ ಲೇಸು. ಮಂಡಿ ಮೊಹಲ್ಲಾ ಕಡೆ ಗುಜರಿಯಲ್ಲಿ ಐದು ಸ್ಕ್ರೂ ಇರುವ ಯಾವುದಾದರೂ ಕ್ಯಾಸೆಟ್ಟು ಕೊಂಡು, ಅದರ ಸುರುಳಿ ತೆಗೆದು, ನಿಮ್ಮದನ್ನು ಕೂರಿಸಿ. ಅಸಲಿ ಗೇಮ್ ಕ್ಯಾಸೆಟ್ಟುಗಳಲ್ಲಿ ಸ್ಕ್ರೂ ಇಲ್ಲದೆ ಬೆಸೆದವೂ ಉಂಟು. ಅವನ್ನು ಚೂಪು ಬ್ಲೇಡಿನಿಂದ ಕೂಡುಗೆರೆಯ ಗುಂಟ ನಿಧಾನಕ್ಕೆ ಬಿಡಿಸಬೇಕು. ಲೇಬಲ್ಲು ಅಚ್ಚಾಗಿರುವ ಹಳೆ ಚಿಪ್ಪನ್ನು ಎಸೆಯಬೇಡಿ, ಅದೂ ಪುರಾವೆಯೇ. ತುಂಡಾದ ಟೇಪಿಗೆ ಮಾಮೂಲು ಸೆಲ್ಲೋಟೇಪ್ ಹಾಕಿದರೆ ಅಂಟು ಒಸರಿ ಪಕ್ಕದ ಸುತ್ತಿಗೂ ಹತ್ತುತ್ತದೆ. ಸ್ಪ್ಲೈಸಿಂಗ್ ಟೇಪೇ ಬೇಕು. ಕೊನೆಗೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಬಿಗಿ ಸಮ ಮಾಡಿ.

ಪ್ಲೇಯರ್ ಮತ್ತು ಆ ಪುಟ್ಟ ಸ್ಕ್ರೂ

ದುಬಾರಿ ಡೆಕ್ ಬೇಕಿಲ್ಲ. ಹೆಡ್ ಸವೆಯದ, ಬೆಲ್ಟ್ ಬಿಗಿಯಿರುವ ಯಾವ ಪ್ಲೇಯರಾದರೂ ಸಾಕು. ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹೆಡ್ ಮತ್ತು ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಯನ್ನು ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ರಬ್ಬರ್ ಚಕ್ರಕ್ಕೆ ಸೋಪಿನ ನೀರು ಸಾಕು; ಪದೇಪದೇ ಆಲ್ಕೊಹಾಲ್ ತಾಗಿದರೆ ರಬ್ಬರ್ ಗಡುಸಾಗುತ್ತದೆ.

ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ಹೆಡ್ಡಿನ ಓರೆಯಲ್ಲಿ. ಹೆಡ್ಡಿನ ಎರಡು ಪಕ್ಕದಲ್ಲೂ ಸ್ಕ್ರೂ ಇರುತ್ತದೆ, ಅದರಲ್ಲಿ ಸ್ಪ್ರಿಂಗ್ ಇರುವುದು ಅಜಿಮತ್ ಸ್ಕ್ರೂ, ಎಂದರೆ ಹೆಡ್ಡಿನ ಕೋನ ಬದಲಿಸುವ ಸ್ಕ್ರೂ. ಟೇಪು ರೆಕಾರ್ಡಾದಾಗ ಇದ್ದ ಕೋನಕ್ಕೆ ನಿಮ್ಮ ಹೆಡ್ ಹೊಂದದಿದ್ದರೆ ಮೇಲಿನ ಸ್ಥಾಯಿಯ ಸದ್ದೆಲ್ಲ ಸತ್ತು, ಕಂಬಳಿ ಮುಚ್ಚಿದಂತೆ ಕೇಳುತ್ತದೆ. ಸ್ಕ್ರೂ ಈಗಿರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಡೇಟಾ ಓಡುತ್ತಿರುವಾಗಲೇ ಕಾಲು ಸುತ್ತಿಗಿಂತ ಕಡಿಮೆ ಆ ಕಡೆ ಈ ಕಡೆ ತಿರುಗಿಸಿ. ಗರಗರ ಅತಿ ಚೂಪಾಗಿ ಕಿವಿಗೆ ಚುಚ್ಚುವ ಕಡೆ ನಿಲ್ಲಿಸಿ. ಶುರುವಿನ ಕೂಗಿನ ಮೇಲೆ ಇದನ್ನು ಮಾಡಲು ಹೋಗಬೇಡಿ. ಅದು ಕೆಳಸ್ಥಾಯಿಯದು, ಕೋನ ತಪ್ಪಿದ್ದರೂ ಚೆನ್ನಾಗಿಯೇ ಕೇಳುತ್ತದೆ. ಒಂದೊಂದು ಟೇಪಿಗೂ ಇದನ್ನು ಹೊಸದಾಗಿ ಮಾಡಬೇಕು.

ರೆಕಾರ್ಡಿಂಗ್

ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ 44,100 ಹರ್ಟ್ಸ್, 16 ಬಿಟ್, ವೇವ್ ಫೈಲ್. ಮಟ್ಟ ಮೈನಸ್ 6 ಡೆಸಿಬೆಲ್ ಆಸುಪಾಸು. ಡೆಕ್ಕಿನಲ್ಲಿ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿ. ಎಂಪಿ3 ಮಾಡಲೇಬೇಡಿ: ಕಂಪ್ಯೂಟರ್ ಓದುವುದು ಅಲೆ ಸೊನ್ನೆ ದಾಟುವ ಕ್ಷಣವನ್ನು, ಎಂಪಿ3 ಅದನ್ನೇ ಅತ್ತಿತ್ತ ಮಾಡುತ್ತದೆ. ಸ್ಟೀರಿಯೊ ಡೆಕ್ಕಾದರೆ ಎರಡೂ ಚಾನೆಲ್ ಬೆರೆಸಬೇಡಿ, ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಿ. ಚಾರ್ಜರಿನಿಂದ 50 ಹರ್ಟ್ಸ್ ಗುಂಯ್ ಸೇರುತ್ತಿದ್ದರೆ ಅದನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿ.

ವೇಗ ಸರಿಯಿದೆಯೇ ಎನ್ನುವುದಕ್ಕೆ ಸ್ಪೆಕ್ಟ್ರಮ್ ಟೇಪಿನಲ್ಲೇ ಅಳತೆಗೋಲಿದೆ. ಶುರುವಿನ ಕೂಗು ಸರಿಯಾಗಿ 807 ಹರ್ಟ್ಸ್ ಇರಬೇಕು. ಹೆಡರ್ (ಪ್ರೋಗ್ರಾಮಿನ ಹೆಸರು, ಗಾತ್ರ ಹೇಳುವ ಮೊದಲ ತುಂಡು) ಮುಂದೆ 5 ಸೆಕೆಂಡು, ಡೇಟಾ ಮುಂದೆ 2 ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಆಯ್ದು ಆಡಾಸಿಟಿಯ ‘ಪ್ಲಾಟ್ ಸ್ಪೆಕ್ಟ್ರಮ್’ ಸವಲತ್ತಿನಲ್ಲಿ ಸೈಜ್ 16384 ಇಟ್ಟು ನೋಡಿ. 790 ಬಂದರೆ ಪ್ಲೇಯರ್ ಶೇಕಡಾ 2ರಷ್ಟು ನಿಧಾನ, ಅದು ನಡೆಯುತ್ತದೆ. ಸೆಕೆಂಡಿಗೊಂದು ಸಂಖ್ಯೆ ಬರುತ್ತಿದ್ದರೆ ಬೆಲ್ಟ್ ಸಡಿಲ, ಮೊದಲು ಬೆಲ್ಟ್ ಬದಲಿಸಿ. ಡೇಟಾದೊಳಗೆ ಸೊನ್ನೆಗೆ ಸುಮಾರು 2,047 ಹರ್ಟ್ಸಿನ ಒಂದು ಅಲೆ, ಒಂದಕ್ಕೆ ಅದರ ಅರ್ಧ ವೇಗದ ಅಲೆ. ಬಿಬಿಸಿ ಮೈಕ್ರೊ ಟೇಪಿನ ಲೆಕ್ಕ ಬೇರೆ: 1,200 ಮತ್ತು 2,400 ಹರ್ಟ್ಸ್, 256 ಬೈಟಿನ ತುಂಡುಗಳು.

ವೇವ್ ಫೈಲನ್ನು ಫ್ಯೂಸ್ ಎಮ್ಯುಲೇಟರಿನ (ಇಂದಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್‌ನಂತೆ ನಡೆಯುವ ಪ್ರೋಗ್ರಾಮು) ಜೊತೆಗಾರ ಆಡಿಯೋ2ಟೇಪ್‌ನಿಂದ ಟೇಪ್ ಫೈಲಾಗಿ ಪರಿವರ್ತಿಸಿ, ಎಮ್ಯುಲೇಟರಿನಲ್ಲಿ ಜೆ ಕೀಲಿ, ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಎಂಟರ್ ಒತ್ತಿ; ಇದು ಟೇಪು ಓದಿಸುವ ಲೋಡ್ ಆಜ್ಞೆ. ಕೂಗಿನ ಹೊತ್ತಿಗೆ ಅಂಚಿನಲ್ಲಿ ಕೆಂಪು–ತಿಳಿನೀಲಿ ಪಟ್ಟೆ, ಡೇಟಾ ಹೊತ್ತಿಗೆ ನೀಲಿ–ಹಳದಿ. ಒಂದೇ ಒಂದು ಬಿಟ್ ತಪ್ಪಿದ್ದರೂ ತಪ್ಪು ಹಿಡಿಯಲೆಂದೇ ಇರುವ ಕೊನೆಯ ಚೆಕ್‌ಸಮ್ ಬೈಟ್ ತಾಳೆಯಾಗದೆ ಟೇಪ್ ಲೋಡಿಂಗ್ ಎರರ್ ಬರುತ್ತದೆ. ಆಗ ಬಿ ಬದಿ ತಿರುಗಿಸಿ. ಎಷ್ಟೋ ಪ್ರಕಾಶಕರು ಅದೇ ಗೇಮನ್ನು ಎರಡೂ ಬದಿ ತುಂಬುತ್ತಿದ್ದರು. ಪಟ್ಟೆ ಮಾಮೂಲಿಗಿಂತ ತೆಳ್ಳಗೆ, ಸದ್ದು ಇನ್ನೂ ಕೀರಲು ಇದ್ದರೆ ಅದು ಟರ್ಬೊ ಲೋಡರ್, ಎಂದರೆ ಮಾಮೂಲಿಗಿಂತ ವೇಗವಾಗಿ ತುಂಬಿಸುವ ಬಗೆ. ಸಾದಾ ಪರಿವರ್ತಕ ಕೈಕೊಡುತ್ತದೆ, ಟಿಜೆಡ್‌ಎಕ್ಸ್ ಮಾದರಿಯಲ್ಲಿ ಉಳಿಸಬೇಕು. ಮೂಲ ವೇವ್ ಫೈಲನ್ನಂತೂ ಅಳಿಸಬೇಡಿ.

ಹೊದಿಕೆ ಕಾಗದ, ಮತ್ತು ಹೆಸರಿನ ಬಲೆ

ಕಾಗದವನ್ನು ಪೂರ್ತಿ ಬಿಡಿಸಿ ಎರಡೂ ಮಗ್ಗುಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬರೆದುಕೊಳ್ಳಬೇಕಾದ್ದು: ಕಾಪಿರೈಟ್ ಇಸವಿ, ವಿಳಾಸ, ಬೆಲೆ, ಕ್ರಮಸಂಖ್ಯೆ, ಪ್ರೋಗ್ರಾಮರ್ ಹೆಸರು, ಬಾರ್‌ಕೋಡ್ ಇದೆಯೋ ಇಲ್ಲವೋ, ಬೇಕಾದ ಮೆಮೊರಿ 16ಕೆ ಅಥವಾ 48ಕೆ. ಎಲ್ಲಕ್ಕಿಂತ ಹೆಚ್ಚಾಗಿ ಸಣ್ಣಕ್ಷರದಲ್ಲಿ ‘ಲಿಮಿಟೆಡ್’ ಎಂದಿರುವ ಸಾಲು. ದೊಡ್ಡಕ್ಷರದ ಹೆಸರು ಬರೀ ಲೇಬಲ್ಲು. ಕಂಪನಿ ಇರುವುದು ಸಣ್ಣಕ್ಷರದಲ್ಲಿ.

ಅಲ್ಟಿಮೇಟ್ ಪ್ಲೇ ದ ಗೇಮ್ ಎಂಬ ಲೇಬಲ್ಲು ನೋಡಿ. ಸ್ಟ್ಯಾಂಪರ್ ಸೋದರರು ಆಶ್ಬಿ–ಡೆ–ಲಾ–ಜೂಷ್ ಎಂಬ ಸಣ್ಣ ಊರಿನಿಂದ ನಡೆಸಿದ್ದು. ಕಂಪನಿಯ ನಿಜ ಹೆಸರು ಆಶ್ಬಿ ಕಂಪ್ಯೂಟರ್ಸ್ ಆ್ಯಂಡ್ ಗ್ರಾಫಿಕ್ಸ್. ‘ಅಲ್ಟಿಮೇಟ್’ ಎಂದು ನೋಂದಣಿಯಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. 1983ರ ಜೆಟ್‌ಪ್ಯಾಕ್ 16ಕೆ ಯಂತ್ರದಲ್ಲೇ ಓಡುತ್ತಿತ್ತು, ಬೆಲೆ 5.50 ಪೌಂಡ್. 1984ರ ಸೇಬರ್ ವುಲ್ಫ್‌ಗೆ ಬೆಲೆ 9.95ಕ್ಕೆ ಹಾರಿತು. ಬೆಲೆ ನೋಡಿಯೇ ಕಾಲ ಅಂದಾಜು ಮಾಡುವುದು ಹೀಗೆ. 1.99 ಕಂಡರೆ ಮಾಸ್ಟರ್‌ಟ್ರಾನಿಕ್‌ನಂಥ ಅಗ್ಗದ ಲೇಬಲ್ಲೋ ಮರುಮುದ್ರಣವೋ ಎಂದು ಮೊದಲು ಅನುಮಾನಿಸಿ.

ಇಮ್ಯಾಜಿನ್ ಎಂಬ ಹೆಸರು ಇನ್ನೂ ದೊಡ್ಡ ಬಲೆ. ಬಗ್–ಬೈಟ್ ಎಂಬ ಗೇಮ್ ಕಂಪನಿ ಬಿಟ್ಟು ಬಂದವರು 1982ರಲ್ಲಿ ಲಿವರ್‌ಪೂಲ್‌ನಲ್ಲಿ ಕಟ್ಟಿದ ಆ ಕಂಪನಿ 1984ರ ಜುಲೈನಲ್ಲಿ ಮುಳುಗಿತು. ಹೆಸರನ್ನು ಮ್ಯಾಂಚೆಸ್ಟರಿನ ಗೇಮ್ ಕಂಪನಿ ಓಷನ್ ಕೊಂಡಿತು. ಹಾಗಾಗಿ 1985ರ ಮೇಲಿನ ಇಮ್ಯಾಜಿನ್ ಟೇಪು ಓಷನ್‌ನ ಸರಕು. ಬಗ್–ಬೈಟ್‌ನ ಹೆಸರೂ 1985ರಲ್ಲಿ ಕಂಪನಿ ಬಿದ್ದಮೇಲೆ ಆರ್ಗಸ್ ಪ್ರೆಸ್ ಪಾಲಾಯಿತು.

ಒಂದೇ ಗೇಮಿಗೆ ಇಬ್ಬರು ಪ್ರಕಾಶಕರಿದ್ದರೆ ಎರಡನ್ನೂ ಓಡಿಸಿ ನೋಡಲೇಬೇಕು. ಮ್ಯಾಥ್ಯೂ ಸ್ಮಿತ್ ಬರೆದ ಮ್ಯಾನಿಕ್ ಮೈನರ್ 1983ರಲ್ಲಿ ಬಗ್–ಬೈಟ್‌ನಿಂದ ಬಂತು. ಆಮೇಲೆ ಅವರು ತಾವೇ ಸೇರಿ ಕಟ್ಟಿದ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್‌ಗೆ ಅದನ್ನು ಕೊಂಡೊಯ್ದರು. ಹೊದಿಕೆ ಕಳೆದುಹೋದ ಟೇಪಿನಲ್ಲಿ ಇವನ್ನು ಬೇರೆ ಮಾಡುವುದು ಹೀಗೆ: ಆಡುವಾಗ 6031769 ಒತ್ತಿದಾಗ ಚೀಟ್ (ಆಟ ಸುಲಭ ಮಾಡುವ ಗುಪ್ತ ಸವಲತ್ತು) ತೆರೆದುಕೊಂಡರೆ ಬಗ್–ಬೈಟ್‌ನದು, ‘ಟೈಪ್‌ರೈಟರ್’ ಎಂಬ ಇಂಗ್ಲಿಷ್ ಪದ ಒತ್ತಿದಾಗ ತೆರೆದರೆ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್‌ನದು. ನಮ್ಮೂರಲ್ಲಿ ಸಿಗುವ, ಪೆನ್ನಿನಲ್ಲಿ ಹೆಸರು ಬರೆದ ನಕಲು ಟೇಪುಗಳಿಗೆ ಇಂಥ ಗುರುತುಗಳೇ ಗತಿ. ಗೇಮಿನ ಮೆಮೊರಿಯನ್ನು ಪಠ್ಯವಾಗಿ ತೆರೆದರೂ ಕಂಪನಿ ಹೆಸರು, ಇಸವಿ ಎಷ್ಟೋ ಸಲ ಸಿಗುತ್ತವೆ.

ಪತ್ರಿಕೆ, ಗೆಜೆಟ್

ಕಂಪ್ಯೂಟರ್ ಆ್ಯಂಡ್ ವಿಡಿಯೊ ಗೇಮ್ಸ್ 1981ರ ನವೆಂಬರ್‌ನಿಂದ, ಸಿಂಕ್ಲೇರ್ ಯೂಸರ್ 1982ರಿಂದ, ಕ್ರ್ಯಾಶ್ 1984ರ ಫೆಬ್ರುವರಿಯಿಂದ ಬಂದವು. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಮಾಸಪತ್ರಿಕೆಯ ಮುಖಪುಟದ ತಿಂಗಳು ನಿಜ ತಿಂಗಳಿಗಿಂತ ಮುಂದಿರುತ್ತದೆ, ಆದ್ದರಿಂದ ಏಪ್ರಿಲ್ ಸಂಚಿಕೆಯ ವಿಮರ್ಶೆ ಎಂದರೆ ಗೇಮು ಒಂದೆರಡು ತಿಂಗಳ ಹಿಂದೆಯೇ ಅವರ ಕೈಸೇರಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಪಾಪ್ಯುಲರ್ ಕಂಪ್ಯೂಟಿಂಗ್ ವೀಕ್ಲಿ ದಿನಾಂಕಕ್ಕೆ ಹೆಚ್ಚು ನಂಬಿಕೆ. ಜಾಹೀರಾತನ್ನು ಬಿಡುಗಡೆಗೆ ಸಾಕ್ಷಿ ಎಂದು ಹಿಡಿಯಬೇಡಿ. ಇಮ್ಯಾಜಿನ್‌ನವರು ಬ್ಯಾಂಡರ್‌ಸ್ನ್ಯಾಚ್, ಸೈಕ್ಲ್ಯಾಪ್ಸ್ ಎಂಬೆರಡು ಗೇಮುಗಳನ್ನು ಭರ್ಜರಿಯಾಗಿ ಸಾರಿದರು. ಎರಡೂ ಆ ಹೆಸರಿನಲ್ಲಿ ಅಂಗಡಿಗೆ ಬರಲೇ ಇಲ್ಲ. ಹುಡುಕುವಾಗ ಬಗ್‌ಬೈಟ್, ಬಗ್ ಬೈಟ್, ಬಗ್–ಬೈಟ್ ಮೂರನ್ನೂ ಹಾಕಿ, ಸ್ಕ್ಯಾನ್ ಅಕ್ಷರಗಳು ಸುಮ್ಮನೆ ಜಾರುತ್ತವೆ.

ಬ್ರಿಟನ್ನಿನ ಕಂಪನೀಸ್ ಹೌಸ್ ನೋಂದಣಿಯನ್ನು 2015ರಿಂದ ಪುಕ್ಕಟೆ ನೋಡಬಹುದು. ಹುಡುಕಬೇಕಾದ್ದು ಕಂಪನಿಯ ಸಂಖ್ಯೆ: ಹೆಸರು ಬದಲಾದರೂ ಅದು ಬದಲಾಗದು. ಕಂಪನಿ ಹುಟ್ಟಿದ ದಿನಾಂಕ ಮೊದಲ ಗೇಮಿಗಿಂತ ವರ್ಷ ಮುಂಚೆ, ಅದೂ ಬೇರೆ ಹೆಸರಿನಲ್ಲಿ ಇದ್ದರೆ ಗಾಬರಿ ಬೇಡ. ರೆಡಿಮೇಡ್ ಕಂಪನಿ ಕೊಂಡು ಹೆಸರು ಬದಲಿಸುವುದು ಅಲ್ಲಿ ವಾಡಿಕೆ. 80ರ ದಶಕದಲ್ಲೇ ಮುಚ್ಚಿಹೋದವುಗಳ ಕಡತ ಇಲ್ಲಿ ಬಹುಪಾಲು ಸಿಗದು. ಆಗ ಬ್ರಿಟನ್ನಿನ ಸರ್ಕಾರಿ ಪ್ರಕಟಣೆಗಳ ಪತ್ರ ಲಂಡನ್ ಗೆಜೆಟ್‌ಗೆ ಹೋಗಿ. ಕಂಪನಿ ಮುಚ್ಚಿಸಲು ಸಾಲ ಕೊಟ್ಟವರು ಹಾಕಿದ ಅರ್ಜಿ, ನ್ಯಾಯಾಲಯದ ಸಮಾಪನ (ಮುಚ್ಚುವ) ಆದೇಶ, ಸಾಲ ಕೊಟ್ಟವರ ಸಭೆ, ಕೊನೆಗೆ ಕಂಪನಿಯನ್ನು ಪಟ್ಟಿಯಿಂದ ತೆಗೆದದ್ದು, ಇವು ನಾಲ್ಕೂ ಬೇರೆ ಬೇರೆ ದಿನಾಂಕ, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ವರ್ಷಗಳೇ ಇರಬಹುದು. ‘ಕಂಪನಿ ಮುಚ್ಚಿತು’ ಎಂದು ಬರೆಯುವಾಗ ಯಾವ ದಿನಾಂಕ ಎಂದು ಹೇಳಿ. ಹೊದಿಕೆಯ ಮೇಲೆ ‘ಲಿಮಿಟೆಡ್’ ಎಲ್ಲೂ ಇಲ್ಲದಿದ್ದರೆ ಅದು ಮನೆಯಿಂದ ಅಂಚೆಯಲ್ಲಿ ಮಾರುತ್ತಿದ್ದ ಒಬ್ಬರ ವ್ಯಾಪಾರವೋ ಪಾಲುದಾರಿಕೆಯೋ ಇರಬಹುದು. ಅಂಥವರು ಕಂಪನೀಸ್ ಹೌಸ್‌ನಲ್ಲಿ ಇರುವುದೇ ಇಲ್ಲ. ಅವರ ಜಾಡು ಉಳಿದಿರುವುದು ಪತ್ರಿಕೆಯ ಹಿಂದಿನ ಪುಟಗಳ ಸಣ್ಣ ಜಾಹೀರಾತಿನಲ್ಲಿ, ವಿಳಾಸದ ಸಮೇತ.