ಹೆಸರೇ ಗೊತ್ತಿಲ್ಲದ ಪ್ರತಿವಾದಿಗೆ ಸಮನ್ಸ್: ಗಡುವು ಮುಂದೂಡಿಸುವ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಕಾಪಿರೈಟ್ ದಾವೆ ನಡೆಸುವುದು ನನ್ನ ಕೆಲಸ. ಎಷ್ಟೋ ಸಲ ಕದ್ದವರು ಯಾರು ಅಂತಲೇ ಗೊತ್ತಿರುವುದಿಲ್ಲ. ಕೈಯಲ್ಲಿರುವುದು ಒಂದು ಐಪಿ ವಿಳಾಸ, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ಸಂಖ್ಯೆ ಮಾತ್ರ. ಆಗ ಪ್ರತಿವಾದಿಯನ್ನು ‘ಜಾನ್ ಡೋ’ ಎಂಬ ತಾತ್ಕಾಲಿಕ ಹೆಸರಲ್ಲಿ ಬರೆದು ದಾವೆ ಹೂಡುತ್ತೇವೆ.

ನಮ್ಮೂರಲ್ಲಿ ಸಮನ್ಸ್ ಒಯ್ಯಲು ಕೋರ್ಟಿನ ಅಮೀನರಿದ್ದಾರೆ. ಇಲ್ಲಿ ಅದು ವಾದಿಯದೇ ತಲೆನೋವು. ಫೆಡರಲ್ ಸಿವಿಲ್ ನಿಯಮ 4(ಎಂ) ಪ್ರಕಾರ ದಾವೆ ಹೂಡಿದ 90 ದಿನದೊಳಗೆ ಸಮನ್ಸ್ ಜಾರಿ ಆಗಬೇಕು. 2015ರ ಡಿಸೆಂಬರ್‌ಗೆ ಮುಂಚೆ 120 ದಿನ ಇತ್ತು. ಪ್ರತಿವಾದಿಗೆ ಹೆಸರಿಲ್ಲ ಅಂತ ರಿಯಾಯಿತಿ ಏನೂ ಇಲ್ಲ. ಇದೇ ರಾಜ್ಯದ ಕೋರ್ಟುಗಳಲ್ಲಾದರೆ ಮೂರು ವರ್ಷ ಸಿಗುತ್ತದೆ. ಏನು ಮಾಡುವುದು, ಕಾಪಿರೈಟ್ ದಾವೆ ಅಲ್ಲಿ ಹೂಡುವಂತಿಲ್ಲ!

ಆ 90 ದಿನ ಎಲ್ಲಿ ಹೋಗುತ್ತವೆ ನೋಡಿ. ಎರಡೂ ಕಡೆಯವರು ಕೂತು ಮಾತಾಡುವ ತನಕ ಯಾರಿಂದಲೂ ದಾಖಲೆ ಕೇಳುವ ಹಾಗಿಲ್ಲ. ಎದುರಾಳಿ ಯಾರಂತಲೇ ತಿಳಿಯದಿದ್ದರೆ ಯಾರ ಜೊತೆ ಕೂರುವುದು? ಅದಕ್ಕೇ ಮೊದಲು ಕೋರ್ಟಿನ ವಿಶೇಷ ಅನುಮತಿ ಬೇಕು. ಅದು ಸಿಕ್ಕ ಮೇಲೆ ಇಂಟರ್ನೆಟ್ ಕಂಪನಿಗೆ ಸಬ್‌ಪೀನಾ, ಅಂದರೆ ಆ ಐಪಿ ಯಾವ ಗ್ರಾಹಕರದು ಅಂತ ದಾಖಲೆ ಕೊಡಿ ಎನ್ನುವ ಆದೇಶ. ಅದು ಕೇಬಲ್ ಕಂಪನಿಯಾಗಿದ್ದರೆ, ಹೆಸರು ಕೊಡುವ ಮುಂಚೆ ಗ್ರಾಹಕರಿಗೆ ತಿಳಿಸಲೇಬೇಕು ಅಂತ ಕಾನೂನಿದೆ. ಗ್ರಾಹಕರು ತಕರಾರು ಎತ್ತಿದರೆ ಮುಗಿಯಿತು, ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ.

ಹಾಗಾಗಿ ದಾವೆ ಹೂಡಿದ ವಾರದಲ್ಲೇ ಅನುಮತಿಯ ಅರ್ಜಿ ಹಾಕುತ್ತೇನೆ. ಯಾವ ಐಪಿ ಯಾವಾಗ ಯಾರ ಬಳಿ ಇತ್ತು ಎನ್ನುವ ಲಾಗ್ ಅಳಿಸಬೇಡಿ ಅಂತ ಕಂಪನಿಗೂ ಆಗಲೇ ಪತ್ರ ಹೋಗುತ್ತದೆ. ಅಲ್ಲಿಂದ ಪ್ರತಿಯೊಂದಕ್ಕೂ ತಾರೀಕು ಬರೆದಿಡುತ್ತೇನೆ. ಗಡುವು ಮುಂದೂಡಿ ಅಂತ ಹಾಕುವ ಅರ್ಜಿ ಗೆಲ್ಲುವುದೇ ಈ ತಾರೀಕುಗಳಿಂದ. ಸಕಾರಣ ತೋರಿಸಿದರೆ ಕೋರ್ಟ್ ಕಾಲ ಕೊಡಲೇಬೇಕು. ತೋರಿಸದಿದ್ದರೂ ಕೊಡಬಹುದು, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದ್ದು. ‘ಸಾಕಷ್ಟು ಪ್ರಯತ್ನ ಪಟ್ಟೆವು’ ಅಂತ ಸುಮ್ನೆ ಬರೆದರೆ ಯಾರೂ ಕರಗುವುದಿಲ್ಲ. ಅರ್ಜಿ ಯಾವತ್ತು ಹಾಕಿದ್ದು, ಆದೇಶ ಯಾವತ್ತು ಬಂತು, ಸಬ್‌ಪೀನಾ ಯಾವತ್ತು ತಲುಪಿತು, ಕಂಪನಿ ಏನಂದಿತು, ಇಷ್ಟನ್ನು ಪ್ರಮಾಣಪತ್ರದಲ್ಲಿ ಹೇಳಿದರೆ ತಡ ಯಾರ ಕಡೆಯದು ಅಂತ ತಾನೇ ಕಾಣುತ್ತದೆ. ಗಡುವು ಮುಗಿಯುವ ಮುಂಚೆಯೇ ಕೇಳಬೇಕು. ದಾವೆ ಯಾಕೆ ವಜಾ ಮಾಡಬಾರದು ಅಂತ ಕೋರ್ಟಿನ ನೋಟಿಸ್ ಬಂದ ಮೇಲೆ ಕೇಳಿದರೆ ಅದೇ ಮಾತು ನೆಪದ ಹಾಗೆ ಕೇಳಿಸುತ್ತದೆ, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಬೇರೆ ಕಡೆ. ಸಮನ್ಸ್ ಆಗದೆ ದಾವೆ ವಜಾ ಆದರೂ ಸಾಮಾನ್ಯವಾಗಿ ಮತ್ತೆ ಹೂಡಬಹುದು. ಆದರೆ ಕಾಪಿರೈಟ್ ದಾವೆ ಹೂಡಲು ಮೂರು ವರ್ಷದ ಕಾಲಮಿತಿ. ಅದು ದಾಟಿದ್ದರೆ ಮತ್ತೆ ಹೂಡಿ ಪ್ರಯೋಜನವಿಲ್ಲ. ಡೋ ಜಾಗದಲ್ಲಿ ಆಮೇಲೆ ನಿಜವಾದ ಹೆಸರು ಸೇರಿಸಿದರೂ, ದಾವೆ ಹೂಡಿದ ಹಳೇ ತಾರೀಕು ಅವರಿಗೆ ಅನ್ವಯಿಸುವುದಿಲ್ಲ ಅಂತ ಎಷ್ಟೋ ಫೆಡರಲ್ ಮೇಲ್ಮನವಿ ಕೋರ್ಟುಗಳು ಹೇಳಿವೆ. ಕಕ್ಷಿದಾರರು ಎರಡೂವರೆ ವರ್ಷ ಕಳೆದು ಬಂದರೆ, ಫೀಸಿನ ಮಾತಿಗೂ ಮೊದಲು ಇದನ್ನು ಹೇಳಿಬಿಡುತ್ತೇನೆ.

ಎಷ್ಟು ದಿನ ಕೇಳಬೇಕು? ನಾನು ಸಾಮಾನ್ಯವಾಗಿ 60 ಕೇಳುತ್ತೇನೆ. ಅದೂ ಅರ್ಜಿ ಹಾಕಿದ ದಿನದಿಂದಲ್ಲ, ಕಂಪನಿ ಉತ್ತರ ಕೊಡಬೇಕಾದ ದಿನದಿಂದ. ಹೆಸರು ಬಂದ ಮೇಲೂ ಕೆಲಸ ಬಾಕಿ ಇರುತ್ತದೆ. ಬಿಲ್ ಕಟ್ಟುವವರೇ ಕದ್ದವರು ಅಂತೇನಿಲ್ಲ. ಮನೆಯವರಿರಬಹುದು, ಬಾಡಿಗೆಯವರಿರಬಹುದು. ಖಾತೆ ಅವರ ಹೆಸರಲ್ಲಿದೆ ಅನ್ನುವುದೊಂದೇ ಸಾಲದು ಅಂತ ನಮ್ಮ ಮೇಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಆದ ಒಂಬತ್ತನೇ ಸರ್ಕ್ಯೂಟ್ 2018ರಲ್ಲಿ ಕಾಬ್ಲರ್ ನೆವಾಡಾ ಕೇಸಿನಲ್ಲಿ ಹೇಳಿತು. ವಿಚಾರಿಸಿ ನೋಡಿ, ದಾವೆ ತಿದ್ದಿ, ಹೊಸ ಸಮನ್ಸ್ ಪಡೆದು ಮನೆ ಬಾಗಿಲಿಗೆ ಕಳಿಸುವಷ್ಟು ದಿನಗಳನ್ನೂ ಆ 60ರಲ್ಲೇ ಹೊಂದಿಸಬೇಕು.